ಹಳ್ಳದ ನೀರಿನಲ್ಲಿ ಬೂತಾಯಿ: ಮೂಡಿಗೆರೆ ಕಡೆಯ ಒಂದು ಪ್ರಕರಣ

ಪಟ್ಟಿಯಲ್ಲಿ ಮೊದಲ ಹೆಸರೇ ಬಂಗುಡೆ, ಸಮುದ್ರದ ಮೀನು. ಎರಡನೆಯದು ಮನುಷ್ಯ. ಮೂರನೆಯದು ಕೋಳಿ.

ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದ ಮನೆಯ ಜಗಲಿಯಲ್ಲಿ ಕೂತು, ಹಳ್ಳದ ನೀರು ಪರೀಕ್ಷಿಸಿದ ಲ್ಯಾಬ್‌ನಿಂದ ಬಂದ ಹಾಳೆ ಓದುತ್ತಿದ್ದೆ. ಎದುರಿಗೆ ತೋಟದ ಗೌಡರು. "ಬಂಗುಡೆನಾ? ನಮ್ಮ ಹಳ್ಳದಲ್ಲಾ?" ಅಂದರು. ಆಮೇಲೆ ಜೋರಾಗಿ ನಕ್ಕರು. "ಹಂಗಾದ್ರೆ ಇನ್ನು ಮೀನಿನ ಗಾಡಿ ಕಾಯೋದು ಬೇಡ ಬಿಡು ಮಾರಾಯ. ಗಾಳ ಹಾಕಿದ್ರೆ ಆಯ್ತು."

ನಗು ನನಗೂ ಬಂತು. ಆದರೆ ಒಳಗೊಳಗೇ ಹೊಟ್ಟೆ ಉರಿಯಿತು. ಆ ಹಾಳೆಗೆ ಖರ್ಚಾಗಿದ್ದು ಅಕ್ಕಪಕ್ಕದ ತೋಟದವರು ಕೈಯಿಂದ ಹಾಕಿದ ದುಡ್ಡು. ತಪ್ಪು ಮಾಡಿದವನು ನಾನು.

ವಿಷಯ ಶುರುವಾಗಿದ್ದು ಹೀಗೆ. ಗೌಡರ ತೋಟದ ಮೇಲ್ಭಾಗದಲ್ಲಿ ಒಬ್ಬ ಹುಡುಗ ಕೃಷಿ ಹೊಂಡ ತೋಡಿಸಿ ಮೀನು ಬಿಟ್ಟಿದ್ದ. ಮರಿ ಮಾರಿದವನು ಅದನ್ನು ನಾಡಿನ ಮುರುಗೋಡು ಅಂತ ಹೇಳಿ ಕೊಟ್ಟಿದ್ದ. ಜೂನ್ ಕೊನೆಯ ಮಳೆಗೆ ಹೊಂಡ ತುಂಬಿ ಕೋಡಿ ಹರಿಯಿತು. ಆ ಕೋಡಿ ನೇರ ಬಂದು ಸೇರುವುದು ಗೌಡರ ತೋಟದ ನಡುವೆ ಹರಿಯುವ ಹಳ್ಳಕ್ಕೆ. ಆ ಹಳ್ಳ ಹೋಗಿ ಸೇರುವುದು ಹೇಮಾವತಿಗೆ. ಸ್ವಲ್ಪ ದಿನಕ್ಕೆ ಹಳ್ಳದ ಸಸಲು ಮೀನು ಕಮ್ಮಿಯಾಗಿದೆ ಅಂತ ಕೂಲಿಯವರು ಹೇಳತೊಡಗಿದರು. ಗೌಡರಿಗೆ ಅನುಮಾನ ಬಂತು: ಹೊಂಡದಲ್ಲಿ ಇರುವುದು ಆಫ್ರಿಕನ್ ಕ್ಯಾಟ್‌ಫಿಶ್ ಇರಬಹುದಾ? ಅದು ಹಳ್ಳಕ್ಕೂ ಇಳಿದಿದೆಯಾ?

ಅನುಮಾನ ಸುಮ್ನೆ ಬಂದಿದ್ದಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ರಲ್ಲೇ ನಿಷೇಧಿಸಿದೆ. ಆದರೂ ಬೇರೆ ಹೆಸರಿನಲ್ಲಿ ಮರಿ ಓಡಾಡುತ್ತಲೇ ಇದೆ. ನೋಡಲು ನಮ್ಮ ಮುರುಗೋಡಿನ ಹಾಗೇ ಇರುತ್ತದೆ. ಅದೇ ಚಪ್ಪಟೆ ತಲೆ, ಅದೇ ಎಂಟು ಮೀಸೆ, ಅದೇ ಲೋಳೆ ಮೈ. ಗಾಳಿ ಕುಡಿದು ಬದುಕುತ್ತದೆ, ಒದ್ದೆ ನೆಲದ ಮೇಲೆ ತೆವಳಿಕೊಂಡು ಇನ್ನೊಂದು ನೀರಿಗೆ ಹೋಗುತ್ತದೆ. ಬಾಯಿಗೆ ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಮಳೆಗಾಲದಲ್ಲಿ ಕೆಂಪು ನೀರು ಹರಿಯುವ ಹಳ್ಳದಲ್ಲಿ ಬಲೆ ಹಾಕಿ ಅದನ್ನು ಹುಡುಕುವುದು ಆಗದ ಮಾತು. ಹಾಗಾಗಿ ನಾನು ಹೇಳಿದೆ, ಮೀನು ಹಿಡಿಯುವುದು ಬೇಡ, ನೀರು ಹಿಡಿಯೋಣ.

ನೀರಿನಲ್ಲಿ ಏನು ಸಿಗುತ್ತದೆ?

ಮೀನು ಓಡಾಡಿದಲ್ಲೆಲ್ಲ ಮೈಯ ಲೋಳೆ, ಹಿಕ್ಕೆ, ಉದುರಿದ ಚರ್ಮದ ಕಣ ಬಿಟ್ಟು ಹೋಗುತ್ತದೆ. ಅದರಲ್ಲಿ ಡಿಎನ್‌ಎ ಇರುತ್ತದೆ. ನೀರನ್ನು ತೀರಾ ಸಣ್ಣ ರಂಧ್ರದ ಹಾಳೆಯಲ್ಲಿ ಸೋಸಿದರೆ ಆ ಕಣಗಳು ಹಾಳೆಯ ಮೇಲೆ ಉಳಿಯುತ್ತವೆ. ಲ್ಯಾಬ್‌ನಲ್ಲಿ ಡಿಎನ್‌ಎ ಬೇರ್ಪಡಿಸಿ, ಅದರಲ್ಲಿ ಒಂದೇ ಒಂದು ಗೊತ್ತಾದ ಜಾಗವನ್ನು ಮಾತ್ರ ಪಿಸಿಆರ್‌ನಲ್ಲಿ ಲಕ್ಷಗಟ್ಟಲೆ ನಕಲು ಮಾಡುತ್ತಾರೆ. ಆಮೇಲೆ ಯಂತ್ರ ಅಷ್ಟೂ ನಕಲುಗಳನ್ನು ಓದುತ್ತದೆ. ಓದಿದ್ದನ್ನು ಹೆಸರು ಗೊತ್ತಿರುವ ಜೀವಿಗಳ ಪಟ್ಟಿಗೆ ಹೋಲಿಸುತ್ತಾರೆ. ಒಂದು ಮೀನಿನ ತುಂಡು ತಂದು ಇದು ಯಾವುದು ಅಂತ ನೋಡಿದರೆ ಅದು ಬಾರ್‌ಕೋಡಿಂಗ್. ಎಲ್ಲ ಕಲಸಿಹೋದ ನೀರಿನಿಂದ ಒಂದೇ ಸಲಕ್ಕೆ ಹತ್ತಾರು ಹೆಸರು ತೆಗೆದರೆ ಮೆಟಾಬಾರ್‌ಕೋಡಿಂಗ್. ಮದುವೆ ಮನೆಯ ಹಿತ್ತಲಿನ ಎಂಜಲೆಲೆ ನೋಡಿ ಒಳಗೆ ಏನೇನು ಬಡಿಸಿದ್ದರು ಅಂತ ಹೇಳಿದ ಹಾಗೆ.

ಇದು ತೀರಾ ಹಳೆಯ ವಿದ್ಯೆಯಲ್ಲ. 2008ರಲ್ಲಿ ಫ್ರಾನ್ಸಿನ ಕೊಳಗಳ ನೀರಿನಿಂದ ಅಮೆರಿಕದ ಬುಲ್‌ಫ್ರಾಗ್ ಕಪ್ಪೆಯ ಡಿಎನ್‌ಎ ಪತ್ತೆ ಮಾಡಿದ್ದರು. ಅದೂ ಹೊರಗಿನಿಂದ ಬಂದು ಊರು ಮಾಡಿಕೊಂಡ ಪ್ರಾಣಿಯೇ. ನಾವು ಬಳಸಿದ್ದು ಮೈಫಿಶ್ ಅನ್ನುವ ಪ್ರೈಮರ್. ಪ್ರೈಮರ್ ಅಂದರೆ ಯಾವ ಜಾಗವನ್ನು ನಕಲು ಮಾಡಬೇಕು ಅಂತ ಪಿಸಿಆರ್‌ಗೆ ತೋರಿಸುವ ಪುಟ್ಟ ಡಿಎನ್‌ಎ ತುಣುಕು. ಜಪಾನಿನ ವಿಜ್ಞಾನಿಗಳು 2015ರಲ್ಲಿ ಮೈಫಿಶ್ ಅನ್ನು ಪ್ರಕಟಿಸಿದರು. ಒಕಿನಾವಾದ ಅಕ್ವೇರಿಯಂ ತೊಟ್ಟಿಗಳ ನೀರಿನಲ್ಲಿ ಪರೀಕ್ಷೆ ಮಾಡಿ ನೋಡಿದ್ದರು. ತೊಟ್ಟಿಯಲ್ಲಿ ಯಾವ ಮೀನಿದೆ ಅನ್ನುವುದು ಮೊದಲೇ ಗೊತ್ತಿರುತ್ತದಲ್ಲ, ಹಾಗಾಗಿ. ಜೀವಕೋಶದೊಳಗೆ ತನ್ನದೇ ಡಿಎನ್‌ಎ ಇರುವ ಮೈಟೊಕಾಂಡ್ರಿಯಾ ಅನ್ನುವ ಭಾಗದ 12ಎಸ್ ಜೀನಿನಲ್ಲಿ ಸುಮಾರು 170 ಅಕ್ಷರದ ತುಂಡನ್ನು ಮೈಫಿಶ್ ಹಿಡಿಯುತ್ತದೆ. ತುಂಡು ಚಿಕ್ಕದು ಅನ್ನುವುದು ಈ ಕಥೆಯಲ್ಲಿ ಮುಂದೆ ಕೆಲಸಕ್ಕೆ ಬರುತ್ತದೆ.

ಜುಲೈನ ಎಡವಟ್ಟು

ಮೊದಲ ಸಲ ಹೋಗಿದ್ದು ಜುಲೈನಲ್ಲಿ. ಆತುರ. ಹಳ್ಳ ಕೆಂಪಗೆ ಹರಿಯುತ್ತಿತ್ತು. ಒಂದೊಂದು ಲೀಟರ್ ಸೋಸಬೇಕು ಅಂತ ಲೆಕ್ಕ ಹಾಕಿಕೊಂಡು ಹೋದರೆ ಒಂದು ಲೋಟದಷ್ಟು ನೀರಿಗೇ ಹಾಳೆ ಕಟ್ಟಿಕೊಂಡಿತು. ಪಂಪ್ ಒತ್ತಿ ಒತ್ತಿ ಕೈ ಬಿದ್ದುಹೋಯಿತು.

ಅದಕ್ಕಿಂತ ದೊಡ್ಡ ತಪ್ಪು ಡಬ್ಬದ್ದು. ಬಾಟಲಿಗಳನ್ನು ತಣ್ಣಗಿಡಲು ಐಸ್ ಬೇಕಿತ್ತು. ಐಸೂ ಥರ್ಮೋಕೋಲ್ ಡಬ್ಬವೂ ಒಟ್ಟಿಗೆ ಎಲ್ಲಿ ಸಿಗುತ್ತದೆ? ಚಾರ್ಮಾಡಿ ಘಾಟಿ ಹತ್ತಿ ಬರುವ ಮೀನಿನ ಗಾಡಿಯಲ್ಲಿ. ಗಾಡಿಯವರು ಒಳ್ಳೆಯವರು, ಡಬ್ಬ ತೊಳೆದೇ ಕೊಟ್ಟರು. ನಾನೂ ಇನ್ನೊಮ್ಮೆ ತೊಳೆದೆ. ಬರೀ ನೀರಿನಲ್ಲಿ.

ಪಟ್ಟಿ ಬಂದಾಗ ಹನ್ನೆರಡೂ ಬಾಟಲಿಯಲ್ಲಿ ಬಂಗುಡೆ. ಅಷ್ಟೇ ಆಗಿದ್ದರೆ ಹಳ್ಳದಲ್ಲಿ ಯಾರೋ ಮೀನು ತೊಳೆದಿದ್ದಾರೆ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೆನೇನೋ. ಆದರೆ ಹದಿಮೂರನೆಯ ಬಾಟಲಿಯೊಂದಿತ್ತು. ಅಂಗಡಿಯಿಂದ ಸೀಲ್ ಇದ್ದ ಕುಡಿಯುವ ನೀರು ತಂದು, ಹಳ್ಳದ ದಡದಲ್ಲೇ ತೆರೆದು, ಉಳಿದ ಬಾಟಲಿಗಳ ಹಾಗೇ ಸೋಸಿ, ಅದೇ ಡಬ್ಬದಲ್ಲಿಟ್ಟಿದ್ದೆ. ಇದಕ್ಕೆ ಫೀಲ್ಡ್ ಬ್ಲ್ಯಾಂಕ್ ಅನ್ನುತ್ತಾರೆ. ಅವತ್ತು ಗೌಡರು ಕೇಳಿದ್ದರು, "ಅಂಗಡಿ ನೀರಲ್ಲೂ ಮೀನು ಹುಡುಕ್ತೀಯಾ?" ಅಂತ. ಅದರಲ್ಲೂ ಬಂಗುಡೆ ಇತ್ತು. ಅಂದರೆ ಬಂಗುಡೆ ಬಂದಿದ್ದು ಹಳ್ಳದಿಂದಲ್ಲ, ನನ್ನ ಡಬ್ಬದಿಂದ.

ಆಫ್ರಿಕನ್ ಕ್ಯಾಟ್‌ಫಿಶ್ ಹೆಸರೂ ಆ ಪಟ್ಟಿಯಲ್ಲಿ ಅಲ್ಲಲ್ಲಿ ಇತ್ತು ಅನ್ನುವುದು ನಿಜ. ಗೌಡರು ಅದರ ಮೇಲೆ ಬೆರಳಿಟ್ಟು "ಇದೆಯಲ್ಲ, ಮುಗೀತಲ್ಲ" ಅಂದರು. ಮುಗಿಯಲಿಲ್ಲ. ಬ್ಲ್ಯಾಂಕ್ ಕೊಳೆಯಾದ ಮೇಲೆ ಆ ಪಟ್ಟಿಯ ಯಾವ ಹೆಸರನ್ನೂ ಹಿಡಿದು ಪಕ್ಕದ ತೋಟದವನ ಮನೆ ಬಾಗಿಲಿಗೆ ಹೋಗುವ ಹಾಗಿಲ್ಲ. ಹಾಳೆಯನ್ನು ಮಡಚಿ ಒಳಗಿಟ್ಟೆ.

ನವೆಂಬರ್

ಎರಡನೆಯ ಸಲ ಮಳೆ ಹಿಂದೆ ಸರಿದು ನೀರು ತಿಳಿಯಾದ ಮೇಲೆ ಹೋದೆವು. ಹೊಂಡದ ಕೋಡಿ ಆಗಲೂ ಸಣ್ಣಗೆ ಹರಿಯುತ್ತಿತ್ತು. ಹೊಸ ಡಬ್ಬ, ಹೊಸ ಬಾಟಲಿ. ಎಲ್ಲವನ್ನೂ ಬ್ಲೀಚ್ ಹಾಕಿದ ನೀರಿನಲ್ಲಿ ನೆನೆಸಿ ತೊಳೆದಿದ್ದೆ. ಸಾಬೂನಿಗೆ ಡಿಎನ್‌ಎ ಹೋಗುವುದಿಲ್ಲ, ಬ್ಲೀಚಿಗೆ ಹೋಗುತ್ತದೆ.

ನಾಲ್ಕು ಜಾಗ ಗುರುತು ಮಾಡಿದ್ದೆವು. ಒಂದನೆಯದು ಹೊಂಡಕ್ಕಿಂತ ಮೇಲೆ, ಕಾಡಿನ ಅಂಚಿನಲ್ಲಿ. ಎರಡನೆಯದು ಹೊಂಡದ ಕೋಡಿ ಸೇರುವಲ್ಲಿಂದ ಸ್ವಲ್ಪ ಕೆಳಗೆ. ಮೂರನೆಯದು ಕಾಲುಸಂಕದ ಪಕ್ಕದ ಮಡು, ಆಳ ಇದೆ, ಬೇಸಿಗೆಯಲ್ಲೂ ಬತ್ತುವುದಿಲ್ಲ. ನಾಲ್ಕನೆಯದು ರಸ್ತೆಯ ಸೇತುವೆಯ ಕೆಳಗೆ, ಊರಿನ ಮನೆಗಳ ಪಕ್ಕ. ಪ್ರತಿ ಜಾಗದಲ್ಲೂ ಮೂರು ಬಾಟಲಿ. ಶುರು ಮಾಡಿದ್ದು ಕೆಳಗಿನಿಂದ. ಮೇಲಿನಿಂದ ಶುರು ಮಾಡಿದರೆ ನಮ್ಮ ಕಾಲಿಗೆ ಎದ್ದ ಕೆಸರು ಕೆಳಗಿನ ಬಾಟಲಿಗೆ ಬರುತ್ತದೆ.

ಸೋಸುವ ಹಾಳೆ ಅಂಗೈಗಿಂತ ಚಿಕ್ಕದು, ಹಪ್ಪಳದ ಹಾಗೆ ದುಂಡಗೆ, ಬೆಳ್ಳಗೆ. ರಂಧ್ರ 0.45 ಮೈಕ್ರಾನ್. ಒಂದು ಲೀಟರ್ ಇಳಿಯುವಷ್ಟರಲ್ಲಿ ಅದು ಚಹಾ ಸೋಸಿದ ಬಟ್ಟೆಯ ಬಣ್ಣಕ್ಕೆ ತಿರುಗುತ್ತದೆ. ಕಾಫಿ ತೋಟದ ಹಳ್ಳ ಅಲ್ವಾ, ಎಲೆ ಕೊಳೆತ ಕಂದು ಅದು. ಚಿಮಟದಲ್ಲಿ ಎತ್ತಿ, ಒಳಮುಖವಾಗಿ ಎರಡು ಸಲ ಮಡಚಿ, ಆಲ್ಕೋಹಾಲ್ ತುಂಬಿದ ಪುಟ್ಟ ಟ್ಯೂಬಿಗೆ ಹಾಕಬೇಕು. ಆಲ್ಕೋಹಾಲ್‌ಗೆ ಬಿದ್ದ ಕೂಡಲೇ ಕಂದು ಬಣ್ಣ ಸ್ವಲ್ಪ ಬಿಟ್ಟುಕೊಳ್ಳುತ್ತದೆ. ಪ್ರತಿ ಹಾಳೆಗೂ ಕೈಗೆ ಹೊಸ ಗ್ಲೌಸ್. ಗೌಡರ ಆಳು ಒಬ್ಬ ಬಿಸಾಡಿದ ಗ್ಲೌಸ್ ಎಣಿಸುತ್ತಾ ಕೂತಿದ್ದ. ಇಷ್ಟು ಗ್ಲೌಸ್ ಹಾಕಿಕೊಂಡು ಆಪರೇಷನ್ನೇ ಮಾಡಬಹುದಿತ್ತು ಅಂತ ಅವನ ಅಭಿಪ್ರಾಯ.

ಆ ಕಂದು ಲ್ಯಾಬ್‌ನಲ್ಲಿ ತೊಂದರೆ ಕೊಟ್ಟಿತು. ಮಡುವಿನ ಮೂರು ಹಾಳೆಯಿಂದಲೂ ಮೊದಲು ಏನೂ ಬರಲಿಲ್ಲ. ಒಂದು ಸಸಲೂ ಇಲ್ಲ. ಕೊಳೆತ ಎಲೆಯಿಂದ ಬರುವ ವಸ್ತುಗಳು ಪಿಸಿಆರ್ ಅನ್ನೇ ಕಟ್ಟಿಹಾಕುತ್ತವೆ. ಹತ್ತು ಪಟ್ಟು ತೆಳು ಮಾಡಿ ಮತ್ತೆ ಹಾಕಿದ ಮೇಲೆ ಬಂತು. "ಏನೂ ಇಲ್ಲ" ಅಂತ ಬಂದ ಪಟ್ಟಿಯನ್ನು ನಂಬಬಾರದು ಅನ್ನುವುದು ನನಗೆ ಮೊದಲೇ ಗೊತ್ತಿತ್ತು. ಆದರೂ ಒಂದು ದಿನ ನಂಬಿ ಕೂತಿದ್ದೆ.

ಈ ಸಲ ಬ್ಲ್ಯಾಂಕ್‌ನಲ್ಲಿ ಮನುಷ್ಯನ ಡಿಎನ್‌ಎ ಸ್ವಲ್ಪ ಬಿಟ್ಟರೆ ಏನೂ ಇರಲಿಲ್ಲ. ಮೈಫಿಶ್ ಅಂದರೂ ಅದು ಮನುಷ್ಯ, ದನ, ಹಂದಿ, ಕೋಳಿಯನ್ನೂ ಎತ್ತಿಕೊಂಡು ಬರುತ್ತದೆ. ಕೋಳಿ ನಾಲ್ಕೂ ಕಡೆ ಇತ್ತು. ಮಲೆನಾಡಿನಲ್ಲಿ ಕೋಳಿ ಇಲ್ಲದ ಜಾಗ ಎಲ್ಲಿದೆ.

ಲ್ಯಾಬ್‌ನ ಪಟ್ಟಿಯನ್ನು ಜಗಲಿಯ ಮೇಲೆ ಹರಡಿ, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಜಾಗಕ್ಕೊಂದರಂತೆ ನಾಲ್ಕು ಕಂಬ ಗೀಚಿ ಹೆಸರು ತುಂಬಿದೆವು. ಸಸಲು ಜಾತಿಯವು, ಹಾವುಮೀನು, ಕೊರವ ಎಲ್ಲ ಕಡೆ. ಆಫ್ರಿಕನ್ ಕ್ಯಾಟ್‌ಫಿಶ್ ಒಂದನೆಯ ಕಂಬದಲ್ಲಿ ಇಲ್ಲ. ಎರಡು, ಮೂರು, ನಾಲ್ಕರಲ್ಲಿ ಇದೆ. ಬಂಗುಡೆ ನಾಲ್ಕರಲ್ಲಿ ಮಾತ್ರ. ಇನ್ನೊಂದು ಸಮುದ್ರದ ಮೀನಿನ ಹೆಸರು ಬೂತಾಯಿ. ಅದು ಎರಡು, ಮೂರು, ನಾಲ್ಕರಲ್ಲಿ.

ಕಲ್ಲಿನ ಸಂದಿಯಲ್ಲಿರುವ ಬೆರಳುದ್ದದ ಪಟ್ಟೆ ಮೀನೊಂದಕ್ಕೆ ಮಾತ್ರ ಯಂತ್ರ ಎಲ್ಲೋ ಹೊರದೇಶದ ಮೀನಿನ ಹೆಸರು ಕೊಟ್ಟಿತ್ತು. ಹೋಲಿಕೆಯೂ ಪೂರ್ತಿ ಇರಲಿಲ್ಲ. ಪಶ್ಚಿಮ ಘಟ್ಟದ ಎಷ್ಟೋ ಸಣ್ಣ ಮೀನುಗಳ 12ಎಸ್ ತುಂಡನ್ನು ಯಾರೂ ಓದಿ ಪಟ್ಟಿಗೆ ಸೇರಿಸಿಲ್ಲ. ಪಟ್ಟಿಯಲ್ಲಿ ಸರಿಯಾದ ಹೆಸರು ಇಲ್ಲದಿದ್ದರೆ ಕಂಪ್ಯೂಟರ್ ಹತ್ತಿರದ ನೆಂಟನ ಹೆಸರು ಹೇಳಿಬಿಡುತ್ತದೆ. ಆ ಹೆಸರನ್ನು ಹೊಡೆದು ಹಾಕಿ "ಪಟ್ಟೆ ಮೀನು" ಅಂತಷ್ಟೇ ಬರೆದೆ.

"ಎಷ್ಟು ಕ್ಯಾಟ್‌ಫಿಶ್ ಇರಬಹುದು?" ಅಂತ ಗೌಡರು ಕೇಳಿದರು. ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಸಾವಿರಗಟ್ಟಲೆ ಅಂಕಿ ಇತ್ತು. ಅದು ಮೀನಿನ ಲೆಕ್ಕ ಅಲ್ಲ, ಯಂತ್ರ ಓದಿದ ತುಂಡುಗಳ ಲೆಕ್ಕ ಅಂದೆ. ಪ್ರೈಮರ್ ಒಂದು ಮೀನಿಗೆ ಚೆನ್ನಾಗಿ ಅಂಟುತ್ತದೆ, ಇನ್ನೊಂದಕ್ಕೆ ಸರಿಯಾಗಿ ಅಂಟುವುದಿಲ್ಲ. ಒಂದು ದೊಡ್ಡ ಮೀನೂ ಇರಬಹುದು, ನೂರು ಮರಿಯೂ ಇರಬಹುದು. "ಮತ್ತೆ ಇಷ್ಟೆಲ್ಲ ಅಂಕಿ ಯಾಕೆ ಕೊಡ್ತಾರೆ?" ಅಂದರು. ಒಳ್ಳೆಯ ಪ್ರಶ್ನೆ.

ಬೂತಾಯಿ ಎಲ್ಲಿಂದ ಬಂತು?

ನಾನು ಬಂಗುಡೆ ಬೂತಾಯಿ ಎರಡಕ್ಕೂ ಒಂದೇ ಅಡ್ಡಗೆರೆ ಎಳೆದಿದ್ದೆ. ಸಮುದ್ರದ ಮೀನು, ಅಡುಗೆಮನೆಯ ನೀರು, ಬಿಟ್ಟುಬಿಡೋಣ ಅಂತ. ಸಾಮಾನ್ಯವಾಗಿ ಎಲ್ಲರೂ ಮಾಡುವುದು ಹಾಗೇ. ಕಾಫಿ ತಂದಿಟ್ಟ ಅತ್ತೆ (ಗೌಡರ ಮನೆಯವರನ್ನು ನಾನು ಕರೆಯುವುದು ಹಾಗೇ) ಕ್ಯಾಲೆಂಡರ್ ನೋಡಿ ನಿಂತರು.

"ಸೇತುವೆ ಹತ್ರ ಬಂಗುಡೆ ಇದ್ರೆ ಸರಿ. ಗಾಡಿ ನಿಲ್ಲೋದು ಅಲ್ಲೇ, ತೊಳೆಯೋದೂ ಅಲ್ಲೇ. ಆದ್ರೆ ಸಂಕದ ಮೇಲಕ್ಕೆ ಮನೆನೇ ಇಲ್ವಲ್ಲ. ಅಲ್ಲಿ ಬೂತಾಯಿ ಯಾರು ತೊಳೆದ್ರು?"

ನಾನು ಪೆನ್ನು ಕೆಳಗಿಟ್ಟೆ. ಬೂತಾಯಿ ಇರುವ ಕಂಬಗಳೂ ಕ್ಯಾಟ್‌ಫಿಶ್ ಇರುವ ಕಂಬಗಳೂ ಅವೇ ಮೂರು. ಎರಡೂ ಹೊಂಡದ ಕೆಳಗೆ ಶುರುವಾಗುತ್ತವೆ. ಮೇಲೆ ಎರಡೂ ಇಲ್ಲ.

ಕರಾವಳಿಯಲ್ಲಿ ಬೂತಾಯಿ ಹೋಗುವುದು ಅಡುಗೆಗೆ ಮಾತ್ರ ಅಲ್ಲ. ದಂಡಿಯಾಗಿ ಮೀನೆಣ್ಣೆಗೆ, ಮೀನಿನ ಪುಡಿಗೆ ಹೋಗುತ್ತದೆ. ಆ ಪುಡಿ ಸಾಕುಮೀನಿನ ಫೀಡ್‌ಗೆ ಬೀಳುತ್ತದೆ. ಬೇಯಿಸಿ, ಒಣಗಿಸಿ, ಪುಡಿ ಮಾಡಿದ ಮೇಲೆ ಡಿಎನ್‌ಎ ಚೂರುಚೂರಾಗಿರುತ್ತದೆ. ಆದರೆ ನಮಗೆ ಬೇಕಾದ ತುಂಡು 170 ಅಕ್ಷರದ್ದು ಮಾತ್ರ. ಅಷ್ಟು ಚಿಕ್ಕದು ಉಳಿದಿರಬಹುದು.

ಅವತ್ತೇ ಸಂಜೆ ಹೊಂಡದ ಹುಡುಗನ ಹತ್ತಿರ ಹೋದೆವು. ಜಗಳ ಆಗುತ್ತದೆ ಅಂದುಕೊಂಡಿದ್ದೆ. ಅವನು ಮುಖ ಸಣ್ಣ ಮಾಡಿಕೊಂಡು, "ಅಣ್ಣಾ, ನಂಗೆ ಮುರುಗೋಡು ಅಂತಾನೇ ಕೊಟ್ಟಿದ್ದು" ಅಂದ. ಒಂದು ಹಿಡಿ ಫೀಡ್ ಅವನೇ ಚೀಟಿಗೆ ಕಟ್ಟಿ ಕೊಟ್ಟ. ಲ್ಯಾಬ್‌ಗೆ ಕಳಿಸುವಾಗ ಅದನ್ನು ಹಳ್ಳದ ಸ್ಯಾಂಪಲ್‌ಗಳ ಜೊತೆ ಓಡಿಸಬೇಡಿ, ಬೇರೆ ದಿನ ಬೇರೆಯಾಗಿ ಓಡಿಸಿ ಅಂತ ಹೇಳಿದೆ. ಪ್ರತಿ ಸ್ಯಾಂಪಲ್‌ಗೂ ಒಂದು ಗುರುತಿನ ತುಣುಕು ಅಂಟಿಸಿರುತ್ತಾರೆ. ಯಂತ್ರದೊಳಗೆ ಆ ಗುರುತು ಆಗಾಗ ಪಕ್ಕದ ಸ್ಯಾಂಪಲ್‌ಗೆ ಹಾರುವುದುಂಟು. ಬೂತಾಯಿ ತುಂಬಿದ ಫೀಡನ್ನು ಪಕ್ಕದಲ್ಲಿ ಕೂರಿಸಿದರೆ ಆಮೇಲೆ ಯಾವ ಬೂತಾಯಿ ಎಲ್ಲಿಯದು ಅಂತ ಹೇಳುವವರು ಯಾರು?

ಫೀಡ್‌ನಲ್ಲಿ ಬೂತಾಯಿ ಸಿಕ್ಕಿತು.

ಗೌಡರಿಗೆ ಖುಷಿ. ನನಗೆ ಹೊಸ ತಲೆನೋವು. ಬೂತಾಯಿ ಬಂದಿದ್ದರ ಅರ್ಥ ಹೊಂಡದ ನೀರೇ ಮಡುವಿನವರೆಗೆ ಬರುತ್ತಿದೆ ಅಂತ. ಹಾಗಿದ್ದರೆ ಕ್ಯಾಟ್‌ಫಿಶ್‌ನ ಡಿಎನ್‌ಎ ಕೂಡ ಅದೇ ನೀರಿನ ಜೊತೆ ಬಂದಿರಬಹುದಲ್ಲ? ಮೀನು ಹೊಂಡದಲ್ಲೇ ಕೂತು ಲೋಳೆ ಮಾತ್ರ ಹಳ್ಳಕ್ಕೆ ಹರಿದಿರಬಹುದು. ಹರಿಯುವ ನೀರು ಡಿಎನ್‌ಎಯನ್ನು ಕಿಲೋಮೀಟರ್‌ಗಟ್ಟಲೆ ಹೊತ್ತುಕೊಂಡು ಹೋಗುತ್ತದೆ. ಬೂತಾಯಿ ಹಳ್ಳದಲ್ಲಿ ಬದುಕಿಲ್ಲ, ಆದರೂ ಪಟ್ಟಿಯಲ್ಲಿದೆ. ಕ್ಯಾಟ್‌ಫಿಶ್‌ದೂ ಅದೇ ಕಥೆ ಆಗಿದ್ದರೆ?

ಇನ್ನೂ ಒಂದು ಕೊಂಕು ಇತ್ತು. ಮೈಟೊಕಾಂಡ್ರಿಯಾ ಬರುವುದು ತಾಯಿಯಿಂದ. ನಾಡಿನ ಹೆಣ್ಣು ಮೀನಿಗೆ ಆಫ್ರಿಕದ ಗಂಡು ಕೂಡಿಸಿದ ಮಿಶ್ರತಳಿ ಮರಿಯೂ ಮಾರಾಟಕ್ಕೆ ಬರುತ್ತದೆ. ಅದು ನಮ್ಮ ಪಟ್ಟಿಯಲ್ಲಿ ನಾಡಿನ ಮೀನಾಗಿಯೇ ಕಾಣುತ್ತದೆ. ಈ ಪ್ರಕರಣದಲ್ಲಿ ಆಫ್ರಿಕದ ತಾಯಿ ಸಿಕ್ಕಿದ್ದಾಳೆ, ಅಷ್ಟರಮಟ್ಟಿಗೆ ಸರಿ. ಸಿಗದಿದ್ದರೆ "ಇಲ್ಲ" ಅಂತ ಹೇಳುವ ಧೈರ್ಯ ನನಗೆ ಇರುತ್ತಿರಲಿಲ್ಲ.

ಮಾರ್ಚ್‌ವರೆಗೆ ಕಾಯುವುದು

ಉತ್ತರ ಕೊಟ್ಟಿದ್ದು ಬೂತಾಯಿಯೇ. ನೀರಿನಲ್ಲಿ ಬಿಡಿಯಾಗಿ ತೇಲುವ ಡಿಎನ್‌ಎ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಉಳಿಯುತ್ತದೆ. ಬಿಸಿಲು, ಸೆಕೆ, ಬ್ಯಾಕ್ಟೀರಿಯಾ ಸೇರಿ ಅದನ್ನು ಮುಗಿಸುತ್ತವೆ. ಹೊಂಡದ ಕೋಡಿ ನಿಂತು ಸಾಕಷ್ಟು ದಿನ ಆದ ಮೇಲೆ ಮಡುವಿನ ನೀರು ತೆಗೆದರೆ ಬೂತಾಯಿ ಮಾಯವಾಗಿರಬೇಕು. ಆಗಲೂ ಕ್ಯಾಟ್‌ಫಿಶ್ ಉಳಿದಿದ್ದರೆ ಮೀನು ಮಡುವಿನಲ್ಲೇ ಇದೆ. ಎರಡೂ ಮಾಯವಾದರೆ ಹೊಂಡದ ನೀರು ಮಾತ್ರ ಬಂದಿತ್ತು ಅಂತ. ಎರಡೂ ಉಳಿದಿದ್ದರೆ ತಳದ ಕೆಸರಿನಿಂದ ಹಳೆಯ ಡಿಎನ್‌ಎ ಮೇಲೆ ಬರುತ್ತಿದೆ ಅಂತ ಅನುಮಾನಿಸಬೇಕು. ಕೆಸರಿನಲ್ಲಿ ಅದು ತುಂಬಾ ಕಾಲ ಇರುತ್ತದೆ.

ಡಿಸೆಂಬರಿನಿಂದ ಕೊಯ್ಲು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ತೊಳೆದ ನೀರು ಹಳ್ಳದ ಅಕ್ಕಪಕ್ಕ ಇಳಿಯುವ ಕಾಲ, ಆಗ ಹೋಗಿ ಪ್ರಯೋಜನ ಇಲ್ಲ. ಕೋಡಿ ಜನವರಿಯಲ್ಲಿ ನಿಂತಿತು. ಮಾರ್ಚ್ ಕೊನೆಯಲ್ಲಿ, ಹೂಮಳೆ ಬೀಳುವ ಮುಂಚೆ ಹೋದೆವು. ಎರಡನೆಯ ಜಾಗದಲ್ಲಿ ಕಲ್ಲಿನ ನಡುವೆ ಪಾದ ಮುಳುಗುವಷ್ಟು ನೀರು. ರೋಬಸ್ಟಾಗೆ ಸ್ಪ್ರಿಂಕ್ಲರ್ ಹೊಡೆದು ಮಡುವೂ ಅರ್ಧಕ್ಕೆ ಇಳಿದಿತ್ತು. ಕೆಸರು ಏಳಬಾರದು ಅಂತ ಯಾರೂ ನೀರಿಗೆ ಇಳಿಯಲಿಲ್ಲ. ಕಾಲುಸಂಕದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಬಾಟಲಿ ಅದ್ದಿದೆ. ಗೌಡರು ನನ್ನ ಕಾಲು ಹಿಡಿದುಕೊಂಡಿದ್ದರು. ಅದರ ಫೋಟೋ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಈಗಲೂ ಓಡಾಡುತ್ತಿದೆ.

ಫಲಿತಾಂಶ: ಬೂತಾಯಿ ಎಲ್ಲೂ ಇಲ್ಲ. ಸೇತುವೆಯ ಕೆಳಗೆ ಬಂಗುಡೆ ಎಂದಿನಂತೆ. ಎರಡನೆಯ ಜಾಗದಲ್ಲಿ ಕ್ಯಾಟ್‌ಫಿಶ್ ಇಲ್ಲ. ಮಡುವಿನ ಮೂರೂ ಬಾಟಲಿಯಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್.

ಆ ವಾರವೇ ರಾತ್ರಿ ಗಾಳ ಹಾಕಿದರು, ಕೋಳಿ ಕರುಳು ಕಟ್ಟಿ. ಮೊದಲ ರಾತ್ರಿ ಒಂದು ಹಾವುಮೀನು. ಎರಡನೆಯ ರಾತ್ರಿ ಎರಡು ಕ್ಯಾಟ್‌ಫಿಶ್, ದೊಡ್ಡದು ಮೊಣಕೈ ಉದ್ದ. ಹೊಟ್ಟೆ ಸೀಳಿದರೆ ಏಡಿಯ ಚಿಪ್ಪು, ಸಸಲಿನ ಮುಳ್ಳು. ಎರಡರ ರೆಕ್ಕೆಯಿಂದಲೂ ಒಂದೊಂದು ಚೂರು ಕತ್ತರಿಸಿ ಆಲ್ಕೋಹಾಲ್‌ಗೆ ಹಾಕಿಟ್ಟೆ. ತಂದೆ ಯಾರು ಅನ್ನುವುದು ಗೊತ್ತಾಗಬೇಕಾದರೆ ಮೈಟೊಕಾಂಡ್ರಿಯಾ ಬಿಟ್ಟು ಬೇರೆ ಜೀನ್ ಓದಬೇಕು, ಅದಕ್ಕೆ ನೀರು ಸಾಲದು, ಮಾಂಸವೇ ಬೇಕು.

ಹೊಂಡದ ಹುಡುಗ ಏಪ್ರಿಲ್‌ನಲ್ಲಿ ಮೋಟಾರ್ ಇಟ್ಟು ಹೊಂಡ ಬತ್ತಿಸಿದ. ನೀರನ್ನು ಹಳ್ಳಕ್ಕೆ ಬಿಡದೆ ತೋಟಕ್ಕೆ ಹಾಯಿಸಿದ. ತಳದ ಕೆಸರಿನಲ್ಲಿ ಒಂದೂ ಉಳಿಯದ ಹಾಗೆ ಸುಣ್ಣ ಚೆಲ್ಲಿದ. ಆ ದುಡ್ಡು ಅವನಿಗೆ ಯಾರೂ ಕೊಟ್ಟಿಲ್ಲ. ಮರಿ ಮಾರಿದವನ ಫೋನ್ ಸ್ವಿಚ್ ಆಫ್.

ಮಳೆ ಹಿಡಿಯುವ ಮುಂಚೆ ಇನ್ನೊಮ್ಮೆ ನೋಡಬೇಕಿತ್ತು. ಮೊದಲ ಮಳೆಗೆ ಹತ್ತುಮೀನು ಏಳುತ್ತದೆ. ಊರವರೆಲ್ಲ ಬಿದಿರಿನ ಕೂಣಿ ಹಿಡಿದು ಹಳ್ಳಕ್ಕೆ ಇಳಿಯುತ್ತಾರೆ. ಮೀನುಗಳು ಗದ್ದೆಗೆ, ಕಾಲುವೆಗೆ, ಎಲ್ಲ ಕಡೆ ಹತ್ತುತ್ತವೆ. ಆಮೇಲೆ ಯಾವುದು ಎಲ್ಲಿಗೆ ಹೋಯಿತು ಅಂತ ಹುಡುಕಲು ಆಗುವುದಿಲ್ಲ. ಮೇ ಮೂರನೆಯ ವಾರ ಮಡುವಿನಿಂದ ಮೂರು ಬಾಟಲಿ, ಅಂಗಡಿ ನೀರಿನದ್ದು ಒಂದು. ಅಂಗಡಿ ನೀರನ್ನು ಈ ಸಲ ಗೌಡರೇ ಕೇಳದೆ ತಂದಿದ್ದರು.

ಎರಡು ಬಾಟಲಿಯಲ್ಲಿ ಕ್ಯಾಟ್‌ಫಿಶ್ ಇರಲಿಲ್ಲ. ಒಂದರಲ್ಲಿ ಇತ್ತು, ತೀರಾ ಸ್ವಲ್ಪ. ಬ್ಲ್ಯಾಂಕ್ ಶುದ್ಧ. ಫೋನಿನಲ್ಲಿ ಹೇಳಿದೆ. ಗೌಡರು ಒಂದು ನಿಮಿಷ ಸುಮ್ಮನಿದ್ದು, ಒಳಗೆ ತಿರುಗಿ ಕೂಗಿದರು, "ಏನೇ, ಕೋಳಿ ಕೊಯ್ದ್ರೆ ಕರುಳು ಬಿಸಾಕ್ಬೇಡ, ತೆಗೆದಿಡು."